ಕಿರುಬೆರಳ ಬುಡದ ಎಲುಬು

ಪುಂಟಾ ಅರೇನಾಸಿನ ಆಸ್ಪತ್ರೆಯಲ್ಲಿ
ಹತ್ತೊಂಬತ್ತು ವರ್ಷದಿಂದ ಪ್ಲಾಸ್ಟರು ಹಾಕುತ್ತಿದ್ದೇನೆ.
ಗಾಳಿಗೆ ಜನ ಬೀಳುವ ಊರು.
ಚೌಕದಲ್ಲಿ ಹಿಡಿದು ನಡೆಯಲೆಂದು ಹಗ್ಗ ಕಟ್ಟಿರುತ್ತಾರೆ.
ಬಿದ್ದವರ ಎಲುಬು ಬೇರೆ, ಹೊಡೆದವರ ಎಲುಬು ಬೇರೆ.
ಬಿದ್ದವರದು ಮಣಿಕಟ್ಟು, ಸೊಂಟ.
ಹೊಡೆದವರದು ಹೆಚ್ಚಾಗಿ ಕಿರುಬೆರಳ ಬುಡ,
ಎಕ್ಸ್‌ರೇಯಲ್ಲಿ ಬಾಗಿದ ಬೆಂಕಿಕಡ್ಡಿ.

ಏನಾಯಿತು ಅಂದರೆ 'ಗೋಡೆ' ಅನ್ನುತ್ತಾರೆ,
ಗೋಡೆಯೇ ಎದ್ದು ಬಂದು ಮೈಮೇಲೆ ಬಿದ್ದ ಹಾಗೆ.

ಕಾರಣ ಕೇಳುವುದು ನನ್ನ ಕೆಲಸವಲ್ಲ.
ಆದರೂ ಪ್ಲಾಸ್ಟರು ಬಿಗಿಯುವ ಹನ್ನೆರಡು ನಿಮಿಷದಲ್ಲಿ
ಬಾಯಿ ತಾನಾಗಿ ಸಡಿಲವಾಗುತ್ತದೆ.
ಏಡಿ ದೋಣಿಯ ಯಜಮಾನ ಸಂಬಳ ಹಿಡಿದುಕೊಂಡ.
ಮೂರು ರಾತ್ರಿ ನಿದ್ದೆಯಿಲ್ಲ.
ತಂಗಿಯ ಮದುವೆಯಲ್ಲಿ ಯಾರೋ ನಕ್ಕರು,
ಬೇರೇನೂ ಇಲ್ಲ, ಬರೀ ನಕ್ಕರು.
ಅಮಾರೊ ಅಂತ ಹದಿನಾರರ ಹುಡುಗ:
'ಅಪ್ಪನೂ ಇದೇ ಎಲುಬು ಮುರಿದುಕೊಂಡಿದ್ದ'
ಅಂದ, ಅರ್ಧ ಹೆಮ್ಮೆಯಲ್ಲಿ,
ಮನೆತನದ ಮೂಗು ತೋರಿಸುವ ಹಾಗೆ.

ರಾಜಧಾನಿಯಿಂದ ವರ್ಷಕ್ಕೊಮ್ಮೆ ಬರುವ ಡಾಕ್ಟರು
ಚಿತ್ರ ಬರೆದು ತೋರಿಸಿದರು:
ತಲೆಯೊಳಗೆ ಬಾದಾಮಿಯಷ್ಟು ಒಂದು ಗಂಟು,
ಬುದ್ಧಿಗಿಂತ ಮುಂಚೆ ಎದ್ದು ಬಾಗಿಲಿಗೆ ಬರುತ್ತದಂತೆ.
ಇರಬಹುದು. ನಮ್ಮ ನಾಯಿಯೂ ಹಾಗೆಯೇ.
ಆದರೆ ಅದು ಅಂಚೆಯವನಿಗೆ ಬೊಗಳುತ್ತದೆ,
ಮಾಂಸದಂಗಡಿಯವನಿಗೆ ಬೊಗಳುವುದಿಲ್ಲ.

ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ.
ಕೊತ್ತಿ ತಪ್ಪಿಸಿಕೊಂಡರೆ ಗೋಡೆ.

ಕಣ್ಣು ಕತ್ತಲೆ ಬಂತು, ಏನೂ ಕಾಣಲಿಲ್ಲ,
ಅನ್ನುತ್ತಾರೆ ಎಲ್ಲರೂ.
ನಿಬಾಲ್ದೊ ಬಾರ್ರಿಯಾನೂ ಅದನ್ನೇ ಅಂದ.
ಕೋಣೆಯಲ್ಲಿ ಇನ್ನೇನಿತ್ತು ಅಂತ ಕೇಳಿದೆ.
ಟಿವಿ ಇತ್ತು, ನಾಲ್ಕು ಕಂತು ಬಾಕಿ.
ಕಿಟಕಿಯ ಗಾಜು ಇತ್ತು, ಹೊರಗೆ ಮೈನಸ್ ಆರು.
ಯಜಮಾನ? 'ಅವನು ಬಂದರಿನಲ್ಲಿ.
ಅವನೆದುರು ಟೋಪಿ ತೆಗೆದು ನಿಂತು ಬಂದಿದ್ದೆ.'
ಎಂಥ ಕತ್ತಲೆಯಪ್ಪ ಅದು,
ತಡವುತ್ತ ತಡವುತ್ತ ಹೋಗಿ
ಕಂತು ಬಾಕಿಯಿಲ್ಲದ್ದನ್ನೇ ಹುಡುಕಿಕೊಂಡಿತಲ್ಲ!
ಅವನೂ ನಕ್ಕ, ನಾನೂ ನಕ್ಕೆ.
ಬೆರಳಿಂದ ಮೊಣಕೈ ಕೆಳಗಿನವರೆಗೆ ಎಂಟು ಸುತ್ತು,
ಒದ್ದೆ ಅಂಗೈಯಲ್ಲಿ ನೇವರಿಸಿ ನುಣುಪು ಮಾಡಿ ಕಳಿಸಿದೆ.

ಹತ್ತನೇ ದಿನ ಓರಿಯಾನಾ ಅನ್ನುವವಳು ಬಂದಳು.
ಮುಂಗೈ, ಕಿರುಬೆರಳ ಕಡೆಯದೇ ಉದ್ದ ಎಲುಬು,
ನಟ್ಟನಡುವೆ, ಅಡ್ಡಕ್ಕೆ.
ಮೆಟ್ಟಿಲು ಜಾರಿತು ಅಂದಳು.
ಮೆಟ್ಟಿಲು ಹಾಗೆ ಮುರಿಯುವುದಿಲ್ಲ.
ಮುಖಕ್ಕೆ ಬರುವುದಕ್ಕೆ ಅಡ್ಡ ಹಿಡಿದ ಕೈ
ಹಾಗೆ ಮುರಿಯುತ್ತದೆ.
ಬಾವಿನ ಸುತ್ತ ಬಿಳಿ ಪುಡಿ ಮೆತ್ತಿತ್ತು.
ಜೊತೆಗೆ ಬಂದವರು ಅನ್ನುವ ಜಾಗದಲ್ಲಿ
ಎಡಗೈಯ ಸೊಟ್ಟ ಅಕ್ಷರ: ನಿಬಾಲ್ದೊ ಬಾರ್ರಿಯಾ.
ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ.
ನನ್ನದೇ.

ಪೊಲೀಸರ ನಮೂನೆ ತುಂಬಿದೆ. ಅವಳು ಸಹಿ ಹಾಕಲಿಲ್ಲ.
ಗೋಡೆಗೆ ಹೊಡೆದರೆ ಕೈ ಮುರಿಯುತ್ತದೆ ಅಂತ
ಅವನು ಕಲಿತುಕೊಂಡಿದ್ದ.
ಯಾವುದಕ್ಕೆ ಹೊಡೆದರೆ ಮುರಿಯುವುದಿಲ್ಲ ಅಂತಲೂ.
ನನ್ನ ನಗು ಎಷ್ಟು ದಿನ ನನ್ನ ಕಿವಿಯಲ್ಲೇ ಇತ್ತು.

ಆರನೇ ವಾರ ಬಿಚ್ಚಿಸಿಕೊಳ್ಳಲು ಬಂದ.
ಪ್ಲಾಸ್ಟರಿನ ಅಂಚಿಗೊಂದು ಬಿರುಕು.
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಗರಗಸ ಗುಂಯ್ ಅಂದು ನಿಂತಿತು.
ಒಳಗಿದ್ದ ಕೈ ಬಿಳಿಚಿ, ಬಡವಾಗಿ,
ಸಿಪ್ಪೆ ಸುಲಿಯುತ್ತ, ಹುಳಿ ವಾಸನೆ ಬೀರುತ್ತ,
ಈಗಷ್ಟೇ ಹುಟ್ಟಿದ್ದರ ಹಾಗಿತ್ತು,
ಯಾರಿಗೂ ಏನೂ ಮಾಡಿಲ್ಲವೇನೋ ಅನ್ನುವ ಹಾಗೆ.

ಬೆರಳು ನೆಟ್ಟಗೆ ಮಡಚುತ್ತದೋ ಇಲ್ಲವೋ
ಪರೀಕ್ಷಿಸಬೇಕು. ಎಲ್ಲರಿಗೂ ಹೇಳುವ ಮಾತು
ಅವನಿಗೂ ಹೇಳಬೇಕು.
ಹೊರಗೆ ತಗಡಿನ ಮಾಡು ಪಟಪಟ ಹೊಡೆದುಕೊಳ್ಳುತ್ತಿತ್ತು.

'ಮುಷ್ಟಿ ಹಿಡಿ' ಅಂದೆ.

'ಎಷ್ಟು ಬಿಗಿ?' ಅಂದ,
ನನ್ನ ಎಡಗೈಯನ್ನೇ ನೋಡುತ್ತ.