ಮುಂದೆ, ಮುಂದೆ, ಒಪ್ಪಿಗೆ

ಗಲಾತ್ಸ್ ಊರಿನ ಒಂಬತ್ತನೇ ಬ್ಲಾಕಿನಿಂದ ಹನ್ನೊಂದಕ್ಕೆ
ಪಾಪ್ಲರ್ ಮರಗಳ ನೆತ್ತಿಯ ಮೇಲೆ ತಂತಿ ಎಳೆದವನು ನಾನೇ.
ಎರಡು ಸಾವಿರದ ನಾಲ್ಕು, ಮಾರ್ಚಿ.
ಡ್ಯಾನ್ಯೂಬಿನ ಗಾಳಿಗೆ ಅದು ಜೋಲಾಡಿ
ಐದನೇ ಮಹಡಿಯ ದೋಮ್ನಾ ಅಗ್ಲಾಯಳ
ಒಣಹಾಕಿದ ಲಂಗಗಳನ್ನು ತಬ್ಬುತ್ತಿತ್ತು.
ಬಯ್ಯುತ್ತಿದ್ದಳು ಹಗಲೆಲ್ಲ. ರಾತ್ರಿ ಅವಳ ಮಗನೇ
ಅದರಲ್ಲಿ ಸಿನಿಮಾ ಇಳಿಸುತ್ತಿದ್ದ.

ಇನ್ನೂರ ಹತ್ತು ಮನೆ, ಒಂದು ತಂತಿ.
ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ
ಅಂತ ತುಂಬಿಕೊಂಡೆವು, ಗೊತ್ತಿಲ್ಲದ ಭಾಷೆಯ ಹಾಡುಗಳನ್ನೂ.

ಹಂಚುವ ಪ್ರೋಗ್ರಾಮೂ ಬಿಟ್ಟಿಯದೇ.
ಉದ್ದನೆಯ ಕರಾರೊಂದನ್ನು ಹಾಸಿತು ಮುಂದೆ;
ಮೌಸಿನ ಗಾಲಿ ಉರುಳಿಸಿ ಸೀದಾ ತಳಕ್ಕಿಳಿದೆ.
ಮುಂದೆ. ಮುಂದೆ. ಒಪ್ಪಿಗೆ.
ನಾಲ್ಕು ಚೌಕ, ನಾಲ್ಕರಲ್ಲೂ ಅದೇ ಹಾಕಿಟ್ಟ ಗುರುತು,
ತೆಗೆಯುವ ಉಸಾಬರಿ ಯಾರಿಗೆ ಬೇಕು?
ಯಾವುದನ್ನು ಹಂಚಲಿ, ಕೇಳಿತು ಕೊನೆಗೆ.
ಸಿ ಡ್ರೈವ್, ಅಂದೆ. ಪೂರ್ತಿ.
ಕಿಟಕಿ ತೆರೆಯೆಂದರೆ ಗೋಡೆಯನ್ನೇ ಕಳಚಿಟ್ಟವನ ಹಾಗೆ.

ಆ ಸಿ ಒಳಗೆ ನಮ್ಮಜ್ಜಿ ಸ್ಮರಾಂದಾ ಇದ್ದಳು.
ಎಂಬತ್ತೊಂದರಲ್ಲಿ ತೀರಿಕೊಂಡ ತಂಗಿ ಪರಸ್ಕೀವಾಗೆ
ಒಂದೇ ಬೆರಳಲ್ಲಿ ಕುಟ್ಟಿದ ಅರವತ್ತು ಕಾಗದ.

ನಾಲ್ಕನೇ ಮಹಡಿಯ ಸೆವೆರ್, ಉಕ್ಕಿನ ಕಾರ್ಖಾನೆಯ ವೆಲ್ಡರು,
ಉಪ್ಪು ಕೇಳುವ ನೆಪದಲ್ಲಿ ಇಳಿದು ಬಂದ.
ಮೆಟ್ಟಿಲ ಬಳಿ ಕರೆದು ಮೆಲ್ಲಗೆ ಅಂದ:
‘ನಿನ್ನ ಡಿಸ್ಕು ಊರಿಗೆಲ್ಲ ತೆರೆದಿದೆ ಕಣೋ.’
ಓದಿದಿರಾ?
‘ಛೆ, ಇಲ್ಲ’ ಅಂದ, ಬೆಂಕಿಕಡ್ಡಿಯನ್ನೇ ನೋಡುತ್ತ.
ಉಪ್ಪು ಒಯ್ಯುವುದನ್ನು ಮರೆತು ಹೋದ.

ತಂತಿ ಕಿತ್ತೆ. ರಾತ್ರಿಯಿಡೀ ಹುಡುಕಿದೆ.
ಹಾಡಿನ ಬೆನ್ನಿಗೆ ಅಂಟಿ ಬಂದಿತ್ತೊಂದು, ಹೆಸರಿಲ್ಲದ್ದು,
ಮೂರು ನಿಮಿಷಕ್ಕೊಮ್ಮೆ ಎದ್ದು
ಎಲ್ಲಿಗೋ ವರದಿ ಒಪ್ಪಿಸಲು ನೋಡುತ್ತಿತ್ತು.
ಅಜ್ಜಿ ಚಪ್ಪಲಿ ಎಳೆಯುತ್ತ ಬಂದಳು.
‘ಏನಂತ ಬರೆಯುತ್ತೆ?’
ಯಾವ ಕೀ ಒತ್ತಿದೆವು, ಎಷ್ಟು ಹೊತ್ತಿಗೆ ಒತ್ತಿದೆವು.
‘ಪರವಾಗಿಲ್ಲ, ಶ್ರದ್ಧೆಯಿದೆ.
ನಮ್ಮ ಕಾಲದವರಿಗೆ ಕಾಗುಣಿತವೇ ಬರುತ್ತಿರಲಿಲ್ಲ,
ಕೊನೆಯವರೆಗೂ ಜ್ಮರಾಂದಾ ಅಂತಲೇ ಬರೆದರು ನನ್ನ ಕಡತದಲ್ಲಿ.
ಬೂದು ಕಾರಿನಲ್ಲಿ ಕೂತವನಿಗೆ ಚಳಿಯಾದರೂ ಆಗುತ್ತಿತ್ತು,
ಒಮ್ಮೆ ಚಹಾ ಕಳಿಸೋಣ ಅನ್ನಿಸಿತ್ತು.’

ಆಮೇಲೆ, ಕೇಳದೆಯೇ:
‘ನಾನೂ ಹಾಕಿದ್ದೆ ಸಹಿ. ಐವತ್ತೊಂಬತ್ತರ ಚಳಿಗಾಲ.
ನಾಲ್ಕು ಹಾಳೆ. ಚುಕ್ಕಿಗೆರೆಯ ಮೇಲೆ ಅವನೇ ಬೆರಳಿಟ್ಟು ತೋರಿಸಿದ,
ಬರೀ ಶಾಸ್ತ್ರಕ್ಕೆ ಅಂದ.
ಓದಲಿಲ್ಲ.’
ಏನಿತ್ತಜ್ಜಿ ಅದರಲ್ಲಿ?
‘ಅದನ್ನ ಪರಸ್ಕೀವಾಗೆ ಬರೆದಿದ್ದೀನಿ.’

ನಾನು ಆ ಕಾಗದಗಳನ್ನು ತೆರೆಯಲಿಲ್ಲ.
ಫ್ಲಾಪಿಗಿಳಿಸಿ ಕೊಟ್ಟೆ; ಗುಂಡಿಗಳ ಡಬ್ಬಿಯಲ್ಲಿ ಮುಚ್ಚಿಟ್ಟಳು.
ಡಿಸ್ಕನ್ನು ಪೂರ್ತಿ ಒರೆಸಿ ಮತ್ತೆ ಶುರುಮಾಡಿದೆ.
ಈ ಸಲ ಅವಳು ಕನ್ನಡಕ ಹಾಕಿ ಪಕ್ಕದಲ್ಲೇ ಕೂತಳು,
ಕರಾರಿನ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿದಳು.
ಬೆಳಗಾಗುವ ಹೊತ್ತಿಗೆ ಹದಿನೇಳನೇ ಪುಟದಲ್ಲಿದ್ದೆವು.
‘ಇದನ್ನೂ ತೆಗಿ, ಇದನ್ನೂ’ ಅಂತ ಬೆರಳಿಟ್ಟಳು ಚೌಕಗಳ ಮೇಲೆ.
ಹಂಚಲಿಕ್ಕೆ ಬೇರೆಯದೇ ಒಂದು ಫೋಲ್ಡರು,
ಹೆಸರು ‘ಬೀದಿ’, ಒಳಗೆ ಹಾಡು ಮಾತ್ರ.

ಈಗೀಗ ಲಿಫ್ಟು ಕೆಟ್ಟ ದಿನ
ಸೆವೆರ್ ಕೆಳಗೇ ಕಾದಿದ್ದು ಅಜ್ಜಿಯ ಚೀಲ ಹೊತ್ತು ತರುತ್ತಾನೆ.
ಮಾತಿಲ್ಲ. ಬಾಗಿಲ ಬಳಿ ಮೆಲ್ಲಗೆ ಇಳಿಸುತ್ತಾನೆ,
ಆಲೂಗಡ್ಡೆಗೂ ನೋವಾಗದ ಹಾಗೆ.
ಅವನ ಹೆಜ್ಜೆ ಮೇಲೇರುವವರೆಗೂ ಕಿವಿಗೊಟ್ಟು
ಅವಳು ಚಿಲಕ ಹಾಕುತ್ತಾಳೆ:
‘ಓದಿದ್ದಾನೆ.’