ಚಳಿಗಾಲದ ಯೂನಿಟ್ಟು

ಟ್ಯಾಂಕ್ ಮೊಹಲ್ಲಾದ ಆ ಗಲ್ಲಿಯಲ್ಲಿ ಹನ್ನೊಂದು ಮೀಟರು.
ಹತ್ತನ್ನು ಓದಲು ಹತ್ತು ನಿಮಿಷ.
ಸೆರಫಿನಾ ಬಾಯಮ್ಮನ ಮನೆಯದೊಂದಕ್ಕೇ ಅರ್ಧ ಗಂಟೆ,
ಅದು ಕೆಸುವಿನ ಹಿಂದೆ ಎಲ್ಲೋ ಇದೆ.

ಅಂಗಳವೆಂದರೆ ಎಷ್ಟು, ಎರಡು ಮಂಚ ಹಾಕಿದರೆ ಮುಗಿಯಿತು.
ಅಷ್ಟರಲ್ಲಿ ನೂರಾ ನಲವತ್ತು ಬಗೆಯ ಎಲೆ.
ಹೂವಿಲ್ಲ. ಬಂದರೆ ಚಿವುಟುತ್ತಾಳೆ.
'ಹೂವಿಗಾದರೆ ಎಲ್ಲರೂ ಇದ್ದಾರೆ,' ಅನ್ನುತ್ತಾಳೆ, 'ಇವಕ್ಕೆ ಯಾರು?'
ಆನೆಯ ಕಿವಿಯಷ್ಟು ಒಂದು, ಇಲಿಯ ಕಿವಿಯಷ್ಟು ಇನ್ನೊಂದು,
ಕುಂಕುಮ ಚೆಲ್ಲಿಕೊಂಡದ್ದು, ಸುಣ್ಣ ಸಿಡಿಸಿಕೊಂಡದ್ದು,
ಹಿಂದೆ ಬೆರಳಿಟ್ಟರೆ ಬೆರಳು ಕಾಣುವಷ್ಟು ತೆಳುವಾದದ್ದು.
ಕಾಲಿಡಲು ಬಿಟ್ಟಿರುವುದು ಐದೇ ಇಟ್ಟಿಗೆ.
ನಾಲ್ಕನೆಯದು ಅಲುಗುತ್ತದೆ. ನನಗೆ ಗೊತ್ತು, ನನ್ನ ಚಪ್ಪಲಿಗೂ ಗೊತ್ತು.

ಒಡೆದ ಹಂಚಿನ ಚೂರಿನ ಮೇಲೆ ಉಗುರುಬಣ್ಣದಲ್ಲಿ ಹೆಸರು,
ಪುಸ್ತಕದ್ದಲ್ಲ, ಸಿಕ್ಕಿದ ಕಡೆಯದು:
ಹೊಸನಗರ ಪೋಸ್ಟಾಫೀಸು.
ಆಯನೂರು ಗ್ಯಾರೇಜು, ಎಣ್ಣೆ ಡಬ್ಬದ ಪಕ್ಕ.
ಪಾವ್ಲಿನಳ ಮಗಳ ಮದುವೆ, ಹಾಲಿನ ಹಿಂದುಗಡೆ.
ಕದ್ದದ್ದು (ಕ್ಷಮಿಸು ದೇವರೆ).
'ಬೇಡಿ ತಂದದ್ದು ಅರ್ಧಕ್ಕರ್ಧ ಕೊಳೆಯುತ್ತೆ ಕಣೋ ಹಾಲೇಶ,
ಕದ್ದದ್ದು ಒಂದೂ ಸತ್ತಿಲ್ಲ.'
ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿದ್ದವಳು,
ಪುಟ್ಟ ಕೈಗಳಿಗೆ ಚೀಟಿ ಕಟ್ಟಿ ಅಭ್ಯಾಸ.

ಡಿಸೆಂಬರಿಗೆ ಎಲ್ಲ ಮಾಯ. ಗೋಡೆಯ ಮೇಲೆ ಮೀಟರು ಬತ್ತಲೆ.
ಮೊದಲ ವರ್ಷ, ಪಾಪ ಎಲ್ಲ ಹೋಯಿತೆಂದು
ಬರಿಮಣ್ಣಿನ ಮೇಲೆ ನೆಟ್ಟಗೆ ನಡೆದೆ.
'ಏ! ಕಾಲು ತೆಗಿ! ಹೊಸನಗರ ಮಲಗಿದೆ ಅಲ್ಲಿ!'
ಹೊಸನಗರದಿಂದ ಆಯನೂರಿಗೆ ಹಾರಿದೆ.
ಅಲ್ಲೂ ಬೈಗುಳ.

ವಿಷಯ ಅದಲ್ಲ. ವಿಷಯ ಯೂನಿಟ್ಟು.
ಚಳಿ ಬಿದ್ದರೆ ಗಲ್ಲಿಯಲ್ಲಿ ಫ್ಯಾನು ನಿಲ್ಲುತ್ತದೆ,
ಎಲ್ಲರ ಲೆಕ್ಕ ಇಳಿಯುತ್ತದೆ. ಇವಳದು ಮಾತ್ರ ಏರುತ್ತದೆ,
ಇಪ್ಪತ್ತೆರಡರಿಂದ ಐವತ್ತೆಂಟಕ್ಕೆ.
ಗೀಸರಾ? ಇಲ್ಲ, ಹಂಡೆ, ಸೌದೆ.
ಕಳ್ಳ ವೈರಾ? ಹುಡುಕಿದೆ, ಅದು ನನ್ನ ಕೆಲಸ.
ಒಳಗೆ ಕರೆದು ಫ್ರಿಡ್ಜಿನ ಬಾಗಿಲು ತೆಗೆದಳು.

ಹಾಲಿಲ್ಲ, ಮೊಟ್ಟೆಯಿಲ್ಲ, ಮೀನಿಲ್ಲ.
ಆ ಹಳದಿ ದೀಪದ ಕೆಳಗೆ ಒಂದೇ ಒಂದು ಕುಂಡ,
ಬರೀ ಮಣ್ಣು, ಮೇಲೆ ಒಣ ಪಾಚಿ.
'ಹೋಸ್ಟಾ,' ಅಂದಳು, ಮಗು ಮಲಗಿದೆ ಅನ್ನುವ ದನಿಯಲ್ಲಿ.
ಕಾಲಿಂಪಾಂಗಿನಿಂದ ಪಾರ್ಸಲು, ಹದಿಮೂರು ದಿನದ ದಾರಿ.
ಕೊರೆಯದೆ ಅದಕ್ಕೆ ನಿದ್ದೆಯಿಲ್ಲ,
ನಿದ್ದೆ ಮಾಡದೆ ಅದು ಏಳುವುದಿಲ್ಲ,
ಶಿವಮೊಗ್ಗದಲ್ಲಿ ಅಷ್ಟು ಚಳಿ ಎಲ್ಲಿಂದ ತರಲಿ ಹೇಳು.
ಈ ಹಳೇ ಫ್ರಿಡ್ಜು ಕೊಂಡದ್ದೇ ಅದಕ್ಕೆ.
ಮೂರು ತಿಂಗಳು ಹಚ್ಚುತ್ತಾಳೆ.
ಉಳಿದ ಒಂಬತ್ತು ತಿಂಗಳು ಅದರಲ್ಲಿ ಹಪ್ಪಳ.

ಮಾರ್ಚಿನಲ್ಲಿ ಕುಂಡ ಹೊರಗೆ ಬಂದಿತ್ತು,
ಬೀಡಿಯಂತೆ ಸುತ್ತಿಕೊಂಡ ಮೂರು ಮೊಳಕೆ.
ಏಪ್ರಿಲಿಗೆ ಮೂರು ಎಲೆ, ನೀಲಿಯೋ ಹಸಿರೋ,
ಸ್ಲೇಟು ಒರೆಸಿದ ಮೇಲೆ ಉಳಿಯುವ ಬಣ್ಣ.
ಹೇಳಬಾರದು, ನಮ್ಮ ಕೆಸುವಿನ ಮುಂದೆ ಅದು ಏನೂ ಅಲ್ಲ.
ಹೇಳಿಯೂ ಬಿಟ್ಟೆ.
ಅವಳು ನಕ್ಕಳು. 'ದಿನ ತುಂಬದೆ ಹುಟ್ಟಿದವನ್ನು ನೀನು ನೋಡಿಲ್ಲ.'

ಜೂನಿನಲ್ಲಿ ಎರಡೂವರೆ. ಅರ್ಧ ಬಸವನಹುಳುವಿಗೆ.
ರಾತ್ರಿ ಟಾರ್ಚು ಹಿಡಿದು ಚಮಚದಲ್ಲಿ ಹೆಕ್ಕಿ
ಚರಂಡಿಯಾಚೆ ಬಿಟ್ಟು ಬರುತ್ತಾಳಂತೆ, ಕೊಲ್ಲುವುದಿಲ್ಲ.
ಬೆಳಗಾಗುವುದರೊಳಗೆ ಮರಳಿ ಬರುತ್ತವಂತೆ.

ಈ ಜನವರಿ ಅರವತ್ತೊಂದು ಯೂನಿಟ್ಟು.
ಕೈಯಲ್ಲಿನ ಮಷಿನ್ನು ಕೇಳುತ್ತದೆ, ಹೆಚ್ಚಳಕ್ಕೆ ಕಾರಣ?
ಸಮಾರಂಭ, ಬಾಡಿಗೆದಾರರು, ಹೊಸ ಉಪಕರಣ, ಇತರೆ.
ಇತರೆ ಒತ್ತಿ, ಚೀಟಿ ಹರಿದು ಕೊಟ್ಟೆ.
ಓದಲಿಲ್ಲ. ನಾಲ್ಕು ಮಡಿಕೆ ಮಾಡಿ
ತೇವ ಹೀರಲೆಂದು ಕುಂಡದ ಅಡಿಗಿಟ್ಟು
ಫ್ರಿಡ್ಜಿನ ಬಾಗಿಲನ್ನು ಸದ್ದಾಗದಂತೆ ಒತ್ತಿದಳು.

'ಇಟ್ಟಿಗೆ ಮೇಲೇ ಹೋಗು.
ಗೇಟು ಹಾಕ್ಕೋ, ಆಡು ನುಗ್ಗುತ್ತೆ.'