ಮೊದಲರ್ಧ

ಪೋ ನದಿಯ ಮಂಜು ಕದದ ಸಂದಿಯಿಂದ ನುಸುಳಿದ ಮಂಗಳವಾರ,
ಕಿವಾಸ್ಸೊ ಊರಿನ ಕಸಾಯಿ ಅಂಗಡಿಯಲ್ಲಿ
ಎರ್ಸೀಲಿಯಾ ಬೆಳಗಿನಿಂದ ಕೂತಿಲ್ಲ.
ಇವತ್ತು ಎಲ್ಲರಿಗೂ ಬೇಕು: ಹಂದಿಯ ಕಿವಿ, ಕರುವಿನ ನಾಲಿಗೆ,
ಕರುಳಲ್ಲಿ ತುಂಬಿದ ನೆತ್ತರು.
ನಾಳೆ ಬೂದಿ ಬುಧವಾರ.
ಆಮೇಲೆ ನಲವತ್ತು ದಿನ ಅವಳ ಕೊಕ್ಕೆಗಳಲ್ಲಿ
ಗಾಳಿ ಬಿಟ್ಟರೆ ಏನೂ ತೂಗುವುದಿಲ್ಲ.

ಲ್ಯಾಟಿನ್ ಮೇಷ್ಟ್ರು ಒದ್ದೋನೆ ಅರ್ಧ ಕಿಲೋ ಪಕ್ಕೆಲುಬಿಗೆ ಬಂದವರು
ಅರ್ಧ ಗಂಟೆ ನಿಂತರು.
"ಕಾರ್ನೆ ಅಂದರೆ ಮಾಂಸ. ವಾಲೆ ಅಂದರೆ ಹೋಗಿ ಬಾ.
ಕಾರ್ನೆವಾಲೆ, ಮಾಂಸವೇ ಹೋಗಿ ಬಾ, ಅಂತ ಜನ ನಂಬಿದ್ದಾರೆ.
ಚೆಂದವಾಗಿದೆ. ಆದರೆ ಸುಳ್ಳು.
ಬೇರು ಇರುವುದು ಲೆವಾರೆಯಲ್ಲಿ. ತೆಗೆದಿಡು, ಎತ್ತಿಡು."

"ಎತ್ತಿಡೋರು ಯಾರು ಮೇಷ್ಟ್ರೇ?"
ಅವಳು ಮಚ್ಚು ಒರೆಸಿದಳು.
"ಆ ನಲವತ್ತು ದಿನ ನಮ್ಮಪ್ಪ ಇಟ್ಟಿಗೆ ಗೂಡಿಗೆ ಹೋಗ್ತಿದ್ದ.
ಈಸ್ಟರ್ ಹೊತ್ತಿಗೆ ಚೂರಿಯ ತೂಕ ಅವನ ಕೈಗೆ ಮರೆತಿರ್ತಿತ್ತು.
ನಿಮ್ಮ ಪದದ ಮೊದಲರ್ಧ ನಮ್ಮ ಅಂಗಡಿ,
ಉಳಿದರ್ಧ ನಮ್ಮ ಹಸಿವು.
ಎಂಬತ್ತು ಲಿರಾ ಆಯ್ತು, ಹಳೆ ಬಾಕಿ ಬಿಟ್ಟು."

ಸಾಲಿನ ಕೊನೆಯಲ್ಲಿ ನಾನು, ದೂರದ ನುಡಿಯವನು,
ಬಾಯೊಳಗೇ ಪದಗಳನ್ನು ಮಗುಚುತ್ತಿದ್ದೆ.
ಬಾಡು: ಬೇಯಿಸಿ ತಿನ್ನುವುದೂ ಅದೇ, ಬಿಸಿಲಿಗೆ ಸೊರಗುವುದೂ ಅದೇ.
ಹಬ್ಬ: ಹಿಂದೆ ಪಬ್ಬ, ಅದಕ್ಕೂ ಹಿಂದೆ ಪರ್ವ,
ಅದಕ್ಕೂ ಹಿಂದೆ ಬಿದಿರ ಗಿಣ್ಣು, ಎಲುಬಿನ ಕೀಲು,
ಒಂದು ದಿನ ಇನ್ನೊಂದಕ್ಕೆ ಕಚ್ಚಿಕೊಂಡ ಜಾಗ.
ಎರ್ಸೀಲಿಯಾಗೆ ಇದನ್ನು ಯಾರೂ ಹೇಳಬೇಕಿಲ್ಲ.
ಅವಳ ಚೂರಿ ಎಲುಬಿನ ಜೊತೆ ಜಗಳಕ್ಕೆ ಹೋಗದು;
ಹೆಬ್ಬೆರಳು ಮೊದಲು ತಡವುತ್ತದೆ, ಸಂದು ತಾನೇ ಬಾಯಿಬಿಡುತ್ತದೆ.

ಕತ್ತಲಾದ ಮೇಲೆ ಬೀದಿಯಲ್ಲಿ ಬ್ಯಾಂಡು, ಬಣ್ಣದ ಕಾಗದದ ಚೂರು.
ಹಂದಿ ಮುಖವಾಡದ ಪೋರನೊಬ್ಬ ಗಾಜಿಗೆ ಮೂತಿಯೊತ್ತಿ
ಒಳಗೆ ತೂಗುತ್ತಿದ್ದ ತನ್ನದೇ ತಲೆಯನ್ನು ಕಂಡು
ಅಮ್ಮಾ ಎಂದು ಓಡಿದ.
ಅವಳು ನಗಲಿಲ್ಲ. ಕೊರಡಿಗೆ ಕಲ್ಲುಪ್ಪು ತಿಕ್ಕುತ್ತಿದ್ದಳು.
ಯಾರಿಗೂ ಬೇಡವಾಗಿ ಒಂದು ಗುಂಡಿಗೆ ಉಳಿದಿತ್ತು.
ಹನ್ನೊಂದು ಮುಕ್ಕಾಲಿಗೆ ಬೆಣ್ಣೆಯಲ್ಲಿ ಹುರಿದು,
ಏಪ್ರನ್ ಕೂಡ ಬಿಚ್ಚದೆ, ನಿಂತೇ ತಿಂದಳು.

ಮರುದಿನ ಇಗರ್ಜಿಯ ಮೆಟ್ಟಿಲ ಮೇಲೆ
ಹಣೆಯ ಬೂದಿ ಮೂಗಿಗೆ ಉದುರುತ್ತಿರಲು
ಮೇಷ್ಟ್ರ ತೋಳು ಹಿಡಿದು ಕೇಳಿದಳು:
"ಹನ್ನೆರಡರ ಗಂಟೆ ಹೊಡೆದಾಗ ಬಾಯಲ್ಲೇ ಇದ್ದ ತುತ್ತಿಗೆ
ನಿಮ್ಮ ಲ್ಯಾಟಿನ್ನಲ್ಲಿ ಏನಂತಾರೆ?"

ಮೇಷ್ಟ್ರು ಆಚೀಚೆ ನೋಡಿ, ದನಿ ತಗ್ಗಿಸಿ,
"ನುಂಗಿದೆಯಾ?" ಎಂದರು.